ಗೋಡೆಗೊಂದು ರಷ್ಯಾದ ಕಾಡು: ಪ್ರಿಂಟಾ, ಕೈಯಲ್ಲಿ ಬಿಡಿಸಿದ ಕಾಪಿಯಾ, ಸ್ವಂತ ಚಿತ್ರವಾ?

ತಂಗಿ ಮೈಸೂರಲ್ಲಿ ಹೊಸ ಮನೆ ಕಟ್ಟಿಸಿದ್ದಾಳೆ. ಹಾಲ್‌ನ ದೊಡ್ಡ ಗೋಡೆ ಇನ್ನೂ ಖಾಲಿ. "ಅಣ್ಣ, ಅಲ್ಲಿಗೆ ಆ ರಷ್ಯಾದ ಕಾಡಿನ ಚಿತ್ರ ಬೇಕು, ಫೋಟೋ ಥರಾನೇ ಇರುತ್ತಲ್ಲ, ಅದು" ಅಂತ ಹೇಳಿ ವಾಟ್ಸಾಪಲ್ಲಿ ಮೂರು ಲಿಂಕ್ ಕಳಿಸಿದಳು. ಮೊದಲನೆಯದು ಕ್ಯಾನ್ವಾಸ್ ಪ್ರಿಂಟ್. ಎರಡನೆಯದು ಕೈಯಲ್ಲೇ ಬಿಡಿಸಿದ ಆಯಿಲ್ ಪೇಂಟಿಂಗ್ ಕಾಪಿ. ಮೂರನೆಯದು ಈಗಿನ ಒಬ್ಬ ರಷ್ಯನ್ ಕಲಾವಿದರ ಸ್ವಂತ ಚಿತ್ರ. ಒಂದಕ್ಕಿಂತ ಒಂದರ ಬೆಲೆ ಹಲವು ಪಟ್ಟು ಜಾಸ್ತಿ. ಅವಳಿಗೆ ಬರೆದ ಉತ್ತರ ಉದ್ದ ಆಯ್ತು, ಇದೇ ಪ್ರಶ್ನೆ ಇನ್ನೂ ಹಲವರಿಗೆ ಇರಬಹುದು ಅನ್ನಿಸಿ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲೇ ನನ್ನ ತೀರ್ಮಾನ ಹೇಳಿಬಿಡುತ್ತೇನೆ. ಅಂಥ ಕಾಡುಗಳನ್ನು ಬಿಡಿಸಿದ ಹತ್ತೊಂಬತ್ತನೇ ಶತಮಾನದ ರಷ್ಯನ್ ಕಲಾವಿದ ಶಿಷ್ಕಿನ್. ಅವನ ಚಿತ್ರವೇ ಬೇಕು ಅಂದರೆ ಒಳ್ಳೆಯ ಪ್ರಿಂಟ್ ತಗೊಳ್ಳಿ. ಎಣ್ಣೆ ಬಣ್ಣವೇ ಬೇಕು ಅಂದರೆ ಈಗಿನ ಕಲಾವಿದರ ಸ್ವಂತ ಚಿತ್ರ ತಗೊಳ್ಳಿ, ಅಳತೆ ಚಿಕ್ಕದಾದರೂ ಪರವಾಗಿಲ್ಲ. ನಡುವೆ ಇರುವ ಅಗ್ಗದ ಕೈ ಕಾಪಿ ಮಾತ್ರ ಬೇಡ. "ಕೈಯಲ್ಲಿ ಮಾಡಿದ್ದು ಅಲ್ವಾ, ಮಷೀನಿಗಿಂತ ಮೇಲೇ ಇರಬೇಕು" ಅಂತ ನಮಗೆ ಅನ್ನಿಸುತ್ತದೆ. ಸೀರೆಗೆ ಆ ಮಾತು ಸರಿ. ಶಿಷ್ಕಿನ್ ಚಿತ್ರಕ್ಕೆ ಸರಿಹೋಗುವುದಿಲ್ಲ. ಯಾಕೆ ಅಂತ ತಿಳಿಯಬೇಕಾದರೆ ಆ ಮನುಷ್ಯ ಹೇಗೆ ಬದುಕಿದ, ಹೇಗೆ ಬಿಡಿಸಿದ ಅನ್ನೋದು ಸ್ವಲ್ಪ ಗೊತ್ತಿರಬೇಕು.

ಇವಾನ್ ಇವಾನೊವಿಚ್ ಶಿಷ್ಕಿನ್ ಹುಟ್ಟಿದ್ದು 1832ರಲ್ಲಿ, ಯೆಲಬುಗಾ ಎಂಬ ಊರಲ್ಲಿ. ಕಾಮಾ ನದಿಯ ದಡದ ಆ ಊರು ಈಗ ರಷ್ಯಾದ ತಾತಾರ್‌ಸ್ತಾನದಲ್ಲಿದೆ. ಅಪ್ಪ ವ್ಯಾಪಾರಿ, ಊರಿನ ಹಳೆಯ ಕಥೆ ಕೆದಕುವುದರಲ್ಲಿ ಆಸಕ್ತಿ ಇದ್ದವರು. ಮಗನಿಗೆ ವ್ಯಾಪಾರ ಹಿಡಿಸಲಿಲ್ಲ. ಕಜಾನ್‌ನಲ್ಲಿ ಓದುತ್ತಿದ್ದವನು ಶಾಲೆ ಬಿಟ್ಟು ಬಂದ. 1852ರಲ್ಲಿ ಮಾಸ್ಕೋದ ಕಲಾಶಾಲೆ ಸೇರಿದ, ನಾಲ್ಕು ವರ್ಷದ ಮೇಲೆ ಸೇಂಟ್ ಪೀಟರ್ಸ್‌ಬರ್ಗ್‌ನ ಅಕಾಡೆಮಿಗೆ ಹೋದ. ಲಾಡೋಗಾ ಸರೋವರದ ನಡುವೆ ವಾಲಾಮ್ ಅಂತ ಒಂದು ದ್ವೀಪ ಇದೆ, ಬರೀ ಬಂಡೆ, ಪೈನ್ ಮರ, ಒಂದು ಮಠ. ಅಲ್ಲಿ ಕೂತು ಬಿಡಿಸಿದ ಚಿತ್ರಗಳಿಗೆ 1860ರಲ್ಲಿ ಅಕಾಡೆಮಿಯ ದೊಡ್ಡ ಚಿನ್ನದ ಪದಕ ಸಿಕ್ಕಿತು. ಅದರ ಜೊತೆಗೆ ಯುರೋಪಿಗೆ ಹೋಗಿ ಕಲಿಯುವ ಅವಕಾಶವೂ ಬಂತು. ಜರ್ಮನಿ, ಸ್ವಿಟ್ಜರ್ಲೆಂಡ್ ಸುತ್ತಿದರೂ ಮನಸ್ಸು ಮಾತ್ರ ಊರಿನ ಕಾಡಲ್ಲೇ ಇತ್ತು. ವಾಪಸ್ ಬಂದ ಮೇಲೆ ಸಾಯುವವರೆಗೂ ಬಿಡಿಸಿದ್ದು ಹೆಚ್ಚಾಗಿ ಅದೇ ಪೈನ್, ಅದೇ ಓಕ್, ಅದೇ ಕಾಡಿನ ತೊರೆ.

1870ರಲ್ಲಿ ಕೆಲವು ಕಲಾವಿದರು ಸೇರಿ, ಚಿತ್ರಗಳು ರಾಜಧಾನಿಯ ದೊಡ್ಡವರ ಮನೆಯಲ್ಲೇ ಉಳಿಯುವುದು ಬೇಡ, ಊರೂರಿಗೆ ಹೋಗಲಿ ಅಂತ ಒಂದು ಸಂಘ ಕಟ್ಟಿದರು. ಅವರಿಗೆ ಪೆರೆದ್ವಿಜ್ನಿಕಿ, ಅಂದರೆ ಊರೂರು ಅಲೆಯುವವರು ಅಂತ ಹೆಸರಾಯ್ತು. ಶಿಷ್ಕಿನ್ ಅದನ್ನು ಕಟ್ಟಿದವರಲ್ಲಿ ಒಬ್ಬ. ಆ ಹೊತ್ತಿಗೇ ಅವನ ಮನೆಯಲ್ಲಿ ಸಾವಿನ ಮೇಲೆ ಸಾವು. 1872ರಲ್ಲಿ ಅಪ್ಪ. 1873ರಲ್ಲಿ ಹೆಂಡತಿಯ ತಮ್ಮ ಫ್ಯೊದೊರ್ ವಸಿಲ್ಯೆವ್, ಅವನೂ ಅದ್ಭುತ ಕಲಾವಿದ, ಕ್ಷಯದಿಂದ ಹೋದಾಗ 23 ವರ್ಷ. 1874ರಲ್ಲಿ ಹೆಂಡತಿ. ಅದೇ ವರ್ಷಗಳಲ್ಲಿ ಇಬ್ಬರು ಪುಟ್ಟ ಗಂಡುಮಕ್ಕಳು. ಶಿಷ್ಕಿನ್ ಕುಡಿತಕ್ಕೆ ಬಿದ್ದ. ಅದರಿಂದ ಎದ್ದು ಬಂದವನು 1878ರಲ್ಲಿ ಬಿಡಿಸಿದ್ದು "ರೈ" ಎಂಬ ಚಿತ್ರ. ರೈ ಅಂದರೆ ಗೋಧಿ ಥರದ ಒಂದು ಧಾನ್ಯ. ಬೆಳೆದು ನಿಂತ ಹೊಂಬಣ್ಣದ ಹೊಲ, ನಡುವೆ ಗಾಡಿದಾರಿ, ಆಕಾಶಕ್ಕೆ ಮುಟ್ಟುವ ಪೈನ್ ಮರಗಳು. ಅಷ್ಟು ತುಂಬಿದ ಹೊಲದಲ್ಲಿ ಒಂದು ಒಣಗಿದ ಮರ ಹಾಗೇ ನಿಂತಿದೆ. ಆ ಮನೆಯ ಕಥೆ ಗೊತ್ತಾದ ಮೇಲೆ ನನ್ನ ಕಣ್ಣು ಪ್ರತಿ ಸಲ ಆ ಒಣಮರದ ಹತ್ತಿರವೇ ನಿಲ್ಲುತ್ತದೆ. 1880ರಲ್ಲಿ ಶಿಷ್ಯೆ ಓಲ್ಗಾ ಲಗೋದಾಳನ್ನು ಮದುವೆಯಾದ. ಮರುವರ್ಷ, ಮಗು ಹುಟ್ಟಿದ ಸ್ವಲ್ಪ ದಿನಕ್ಕೇ ಅವಳೂ ತೀರಿಕೊಂಡಳು. 1898ರ ಮಾರ್ಚ್‌ನಲ್ಲಿ ಹೊಸ ಚಿತ್ರವೊಂದನ್ನು ಶುರುಮಾಡಿ ಈಸೆಲ್ ಮುಂದೆ ಕೂತಿದ್ದಾಗಲೇ ಶಿಷ್ಕಿನ್ ಪ್ರಾಣ ಹೋಯಿತು.

ಈಗ ಕೈ ಕಾಪಿಯ ವಿಷಯ. ಶಿಷ್ಕಿನ್ ಚಿತ್ರ ಫೋಟೋ ಥರ ಕಾಣುವುದು ಎಲೆಗಳು ಸಣ್ಣದಾಗಿವೆ ಅನ್ನೋ ಕಾರಣಕ್ಕಲ್ಲ. ಪೈನ್ ಮರದ ತೊಗಟೆ ಬುಡದಲ್ಲಿ ಬೂದು, ಬಿರುಕು ಬಿರುಕು. ಮೇಲೆ ಹೋದಂತೆ ತೆಳ್ಳಗೆ, ಕಿತ್ತಳೆ ಬಣ್ಣ. ಬಿದ್ದ ಮರದ ಯಾವ ಮಗ್ಗುಲಿಗೆ ಪಾಚಿ ಬರುತ್ತದೆ, ಬೇರು ಮಣ್ಣನ್ನು ಹೇಗೆ ಎತ್ತಿ ಹಿಡಿದಿದೆ, ಕೊಂಬೆ ಮುರಿದ ಜಾಗ ಹೇಗಿರುತ್ತದೆ, ಎಲ್ಲ ಕಾಡಲ್ಲಿ ಕೂತು ನೋಡಿ ಬರೆದದ್ದು. ಅಗ್ಗದ ಕಾಪಿ ಮಾಡುವವರು ನೋಡುವುದು ಕಾಡನ್ನಲ್ಲ, ಒಂದು ಪ್ರಿಂಟನ್ನು. ಚೀನಾದ ಶೆಂಜೆನ್ ಹತ್ತಿರ ದಾಫೆನ್ ಅಂತ ಒಂದು ಹಳ್ಳಿ ಇದೆ. 1989ರಿಂದ ಅಲ್ಲಿ ಈ ಕಸುಬು ಬೆಳೆದು, ಸಾವಿರಾರು ಜನ ಪ್ರಪಂಚದ ಹೋಟೆಲುಗಳಿಗೆ, ಮನೆಗಳಿಗೆ ಕಾಪಿ ಬಿಡಿಸಿ ಬದುಕು ನಡೆಸಿದ್ದಾರೆ. ಅವರ ಕೈ ಚಳಕದ ಬಗ್ಗೆ ನನಗೆ ಗೌರವ ಇದೆ. ಆದರೆ ಕೊಡುವ ದುಡ್ಡಿಗೆ ಸಿಗುವ ಸಮಯ ಕಮ್ಮಿ. ಕಮ್ಮಿ ಸಮಯದಲ್ಲಿ ಮೊದಲು ಹೋಗುವುದು ಈ ತೊಗಟೆ, ಈ ಪಾಚಿ. ಒರಟು ಬ್ರಷ್ಷಲ್ಲಿ ಹಸಿರು ಕುಟ್ಟಿ ಕುಟ್ಟಿ ಎಲೆ ಮಾಡಿಬಿಡುತ್ತಾರೆ. ಲೆವಿತಾನ್ ಎಂಬ ಇನ್ನೊಬ್ಬ ರಷ್ಯನ್ ಕಲಾವಿದನ ಸಡಿಲ ಕೈಯ ಚಿತ್ರಕ್ಕೆ ಅದು ಹೇಗೋ ನಡೆದೀತು, ಶಿಷ್ಕಿನ್‌ಗೆ ನಡೆಯಲ್ಲ.

ಇದು ನಾನೇ ಅನುಭವಿಸಿದ್ದು. ಕೆಲವು ವರ್ಷದ ಹಿಂದೆ ಆನ್‌ಲೈನಲ್ಲಿ "ರೈ" ಚಿತ್ರದ ಕೈ ಕಾಪಿ ತರಿಸಿದ್ದೆ. ಬಂದಿದ್ದರಲ್ಲಿ ಒಣಮರವೇ ಇರಲಿಲ್ಲ! ಕೇಳಿದರೆ, ಮನೆಯಲ್ಲಿ ಹಾಕುವ ಚಿತ್ರದಲ್ಲಿ ಒಣಮರ ಗಿರಾಕಿಗಳಿಗೆ ಇಷ್ಟ ಆಗಲ್ಲ ಅಂತ ತೆಗೆದೆವು ಅಂದರು. ತುಂಬಾ ಬೇಜಾರಾಯ್ತು. ಆ ಮರಕ್ಕಾಗಿಯೇ ನಾನು ಆ ಚಿತ್ರ ತರಿಸಿದ್ದು.

ಒಳ್ಳೆಯ ಕಾಪಿ ಇಲ್ಲವೇ ಇಲ್ಲ ಅಂತಲ್ಲ. ಕಲಾಶಾಲೆಯಲ್ಲಿ ಗಟ್ಟಿಯಾಗಿ ಕಲಿತ ಒಬ್ಬ ಕಲಾವಿದರಿಗೆ ಹೇಳಿ, ತಿಂಗಳುಗಟ್ಟಲೆ ಸಮಯ ಕೊಟ್ಟು ಮಾಡಿಸಿದರೆ ಅದು ಬೇರೆಯೇ ವಸ್ತು. ಬೆಲೆಯೂ ಬೇರೆ. ಅಷ್ಟು ಕೊಡುವ ಹಾಗಿದ್ದರೆ ಮೂರು ಸಂಗತಿ ನೋಡಿಕೊಳ್ಳಿ. ಅವರು ಹಿಂದೆ ಮಾಡಿದ ಕಾಪಿಯ ಹತ್ತಿರದ ಫೋಟೋ ಕೇಳಿ, ಇಡೀ ಚಿತ್ರದ್ದು ಸಾಲದು, ಒಂದು ಬುಡ, ಒಂದು ಕೊಂಬೆ, ಇಷ್ಟೇ ಕಾಣುವ ಫೋಟೋ. ನಡುನಡುವೆ ಕೆಲಸದ ಫೋಟೋ ಕಳಿಸುತ್ತಾರಾ ಕೇಳಿ. ಹಿಂಬದಿಯಲ್ಲಿ "ಶಿಷ್ಕಿನ್ ಚಿತ್ರದ ಕಾಪಿ" ಅಂತ ತಮ್ಮ ಹೆಸರು, ವರ್ಷ ಬರೆದುಕೊಡುತ್ತಾರಾ ಅಂತಲೂ ಕೇಳಿ. ಪ್ರಾಮಾಣಿಕವಾಗಿ ಕೆಲಸ ಮಾಡುವವರು ಖುಷಿಯಿಂದ ಬರೆದುಕೊಡುತ್ತಾರೆ.

ಪ್ರಿಂಟ್ ಕಡೆಗೆ ಬರೋಣ. ಶಿಷ್ಕಿನ್ ತೀರಿಕೊಂಡು ನೂರಿಪ್ಪತ್ತು ವರ್ಷದ ಮೇಲಾಯ್ತು, ಆ ಚಿತ್ರಗಳ ಮೇಲೆ ಈಗ ಯಾರಿಗೂ ಕಾಪಿರೈಟ್ ಇಲ್ಲ. ವಿಕಿಮೀಡಿಯಾ ಕಾಮನ್ಸ್‌ನಲ್ಲಿ ದೊಡ್ಡ ಫೈಲುಗಳು ಪುಕ್ಕಟೆ ಸಿಗುತ್ತವೆ. ಅಂದರೆ ನೀವು ದುಡ್ಡು ಕೊಡುವುದು ಚಿತ್ರಕ್ಕಲ್ಲ, ಇಂಕು, ಕ್ಯಾನ್ವಾಸು, ಕೂಲಿಗೆ. ನಿಮ್ಮೂರಲ್ಲೇ ಒಳ್ಳೆಯ ಪ್ರಿಂಟಿಂಗ್ ಅಂಗಡಿ ಇದ್ದರೆ ಅಲ್ಲೇ ಮಾಡಿಸಿ. ಎರಡು ಲೆಕ್ಕ ಮಾತ್ರ ತಪ್ಪಬೇಡಿ.

ಒಂದು, ಫೈಲಿನ ಗಾತ್ರ. ಕ್ಯಾನ್ವಾಸ್ ಮೇಲೆ ಇಂಚಿಗೆ 150 ಪಿಕ್ಸೆಲ್ ಇದ್ದರೆ ಗೋಡೆ ಮೇಲೆ ಚೆನ್ನಾಗಿ ಕಾಣುತ್ತದೆ. 90 ಸೆಂಟಿಮೀಟರ್ ಅಗಲ, 60 ಎತ್ತರದ ಪ್ರಿಂಟಿಗೆ ಸುಮಾರು 5300 ಪಿಕ್ಸೆಲ್ ಅಗಲ, 3550 ಎತ್ತರದ ಫೈಲ್ ಬೇಕು. ಅದಕ್ಕಿಂತ ಚಿಕ್ಕ ಫೈಲಲ್ಲಿ ಮಾಡಿಸಿದರೆ ಎಲೆಯೆಲ್ಲ ಕಲಸಿಹೋಗುತ್ತದೆ, ಶಿಷ್ಕಿನ್ ತಗೊಂಡ ಅರ್ಥವೇ ಇರುವುದಿಲ್ಲ. ಇಂಕು ಪಿಗ್ಮೆಂಟ್ ಇಂಕಾ ಅಂತ ಕೇಳಿ. ಡೈ ಇಂಕು ಬಿಸಿಲಿಗೆ ಬೇಗ ಮಾಸುತ್ತದೆ.

ಇನ್ನೊಂದು, ಉದ್ದಗಲದ ಹೊಂದಾಣಿಕೆ. "ಪೈನ್ ಕಾಡಿನಲ್ಲಿ ಬೆಳಗು" ಅನ್ನೋ ಶಿಷ್ಕಿನ್ ಚಿತ್ರದ ಮೂಲ ಅಳತೆ ಎತ್ತರ 139, ಅಗಲ 213 ಸೆಂಟಿಮೀಟರ್. ಎರಡು ಅಡಿ, ಮೂರು ಅಡಿ ಫ್ರೇಮಿಗೆ ಹೆಚ್ಚು ಕಮ್ಮಿ ಸರಿಯಾಗಿ ಕೂರುತ್ತದೆ. "ರೈ" 107 x 187, ಉದ್ದದ ಚಿತ್ರ. ಅದೇ ಫ್ರೇಮಿಗೆ ತುಂಬಿಸಿದರೆ ಎರಡು ಬದಿ ಕತ್ತರಿಸಬೇಕು, ಇಲ್ಲ ಮರಗಳನ್ನು ಎಳೆದು ಉದ್ದ ಮಾಡಬೇಕು. ಆರ್ಡರ್ ಮಾಡುವ ಮುಂಚೆ ಅಗಲವನ್ನು ಎತ್ತರದಿಂದ ಭಾಗಿಸಿ ನೋಡಿ, ಒಂದು ನಿಮಿಷದ ಕೆಲಸ.

ಒಂದು ಮೋಸದ ಬಗ್ಗೆ ಎಚ್ಚರ. ಪ್ರಿಂಟಿನ ಮೇಲೆ ಪಾರದರ್ಶಕ ಜೆಲ್ ಬಳಿದು, ಬ್ರಷ್ ಗುರುತು ಮೂಡಿಸಿ, ಆಯಿಲ್ ಪೇಂಟಿಂಗ್ ಅಂತ ಮಾರುತ್ತಾರೆ. ಮೊಬೈಲ್ ಟಾರ್ಚನ್ನು ಪಕ್ಕದಿಂದ ಹಿಡಿದು ನೋಡಿ. ನಿಜವಾದ ಎಣ್ಣೆ ಬಣ್ಣದಲ್ಲಿ ಬ್ರಷ್ಷಿನ ಏರುತಗ್ಗು ಬಣ್ಣದ ಜೊತೆಗೇ ಹೋಗುತ್ತದೆ, ಕೊಂಬೆ ಎತ್ತ ಬಾಗಿದೆಯೋ ಗೀರೂ ಅತ್ತಲೇ ಬಾಗಿರುತ್ತದೆ. ಜೆಲ್ ಬಳಿದದ್ದರಲ್ಲಿ ಗೀರು ಎತ್ತಲೋ, ಕೊಂಬೆ ಎತ್ತಲೋ. ಭೂತಗನ್ನಡಿ ಇದ್ದರೆ ಇನ್ನೂ ಸುಲಭ, ಪ್ರಿಂಟಿನ ಸಣ್ಣ ಚುಕ್ಕಿಗಳು ಕಂಡೇಬಿಡುತ್ತವೆ.

ಮೂರನೆಯ ಲಿಂಕ್, ಈಗಿನ ಕಲಾವಿದರದ್ದು. ರಷ್ಯಾದಲ್ಲಿ ಇವತ್ತಿಗೂ ಶಿಷ್ಕಿನ್ ದಾರಿಯಲ್ಲಿ, ನೋಡಿದರೆ ಫೋಟೋನೇ ಅನ್ನುವ ಹಾಗೆ ಹೊಳೆ, ಕಾಡು, ಹಿಮ ಬಿಡಿಸುವವರು ತುಂಬ ಜನ ಇದ್ದಾರೆ. ಅಲ್ಲಿನ ಕಲಾಶಾಲೆಗಳಲ್ಲಿ ಇದನ್ನು ಬಿಡದೆ ಕಲಿಸುತ್ತ ಬಂದಿದ್ದಾರೆ. ಇಂಥ ಚಿತ್ರದಲ್ಲಿ ನಿಮಗೆ ಸಿಗುವುದು ಒಬ್ಬ ಮನುಷ್ಯ ತನ್ನ ಕಣ್ಣಲ್ಲಿ ಕಂಡ ಒಂದು ಜಾಗ. ಕಾಪಿಯಲ್ಲಿ ಅದು ಯಾವತ್ತೂ ಸಿಗಲ್ಲ.

"ಅವರು ಫೋಟೋ ನೋಡಿ ಬಿಡಿಸ್ತಾರೆ, ಅದು ಕಲೆನಾ?" ಅಂತ ತಂಗಿ ಕೇಳಿದಳು. ಸ್ವತಃ ಶಿಷ್ಕಿನ್ ಫೋಟೋದ ವಿರೋಧಿ ಆಗಿರಲಿಲ್ಲ. ಯುವ ಕಲಾವಿದನೊಬ್ಬನಿಗೆ ಬರೆದ ಕಾಗದದಲ್ಲಿ, ಫೋಟೋ ಒಬ್ಬ ಕಟ್ಟುನಿಟ್ಟಿನ ಮೇಷ್ಟ್ರು, ಅದರಿಂದ ಕಲಿ ಅಂತ ಹೇಳಿದ್ದಾನೆ. ಹಾಗಾಗಿ ಫೋಟೋ ಬಳಸಿದ್ದಾರಾ ಅನ್ನೋದು ದೊಡ್ಡ ವಿಷಯ ಅಲ್ಲ. ಆ ಜಾಗಕ್ಕೆ ಹೋಗಿದ್ದಾರಾ ಅನ್ನೋದು ಮುಖ್ಯ. ಚಿತ್ರವೇ ಅದನ್ನು ಹೇಳುತ್ತದೆ. ನೆರಳೆಲ್ಲ ಬರೀ ಕಪ್ಪು ಗುಂಡಿಯಾಗಿದ್ದರೆ, ಆಕಾಶ ಬೆಳ್ಳಗೆ ಸುಟ್ಟುಹೋದಂತಿದ್ದರೆ, ಹತ್ತಿರದ ಹುಲ್ಲೂ ದೂರದ ಬೆಟ್ಟವೂ ಒಂದೇ ಸಮ ಚೂಪಾಗಿದ್ದರೆ, ಕ್ಯಾಮೆರಾ ಕಂಡದ್ದನ್ನೇ ಇಳಿಸಿದ್ದಾರೆ ಅಂತ ಲೆಕ್ಕ. ಮನುಷ್ಯನ ಕಣ್ಣಿಗೆ ನೆರಳಿನೊಳಗೂ ನೀಲಿ, ಕಂದು, ಹಸಿರು ಕಾಣುತ್ತವೆ, ಕೂತು ನೋಡಿದವರು ಅದನ್ನು ಬಿಡಿಸಿರುತ್ತಾರೆ.

ತರಿಸುವ ಕಷ್ಟವನ್ನೂ ಹೇಳಬೇಕು. 2022ರ ಮಾರ್ಚ್‌ನಲ್ಲಿ ವೀಸಾ, ಮಾಸ್ಟರ್‌ಕಾರ್ಡ್ ಎರಡೂ ರಷ್ಯಾದಲ್ಲಿ ಕೆಲಸ ನಿಲ್ಲಿಸಿದವು, ಹಲವು ಬ್ಯಾಂಕುಗಳಿಗೆ ದುಡ್ಡು ಕಳಿಸುವ ದಾರಿಯೂ ಮುಚ್ಚಿದೆ. ರಷ್ಯಾದ ಹೊರಗೆ ನೆಲೆಸಿದ ಕಲಾವಿದರೋ, ಹೊರಗಿನ ಗ್ಯಾಲರಿಯೋ ಆದರೆ ಸಲೀಸು. ಪರಿಚಯ ಇಲ್ಲದವರ ಖಾತೆಗೆ ಪೂರ್ತಿ ದುಡ್ಡು ಮುಂಗಡ ಹಾಕಬೇಡಿ. ಕಸ್ಟಮ್ಸ್ ಖರ್ಚು ಯಾರದು ಅನ್ನೋದನ್ನ ಮೊದಲೇ ಬರಹದಲ್ಲಿ ತೀರ್ಮಾನ ಮಾಡಿಕೊಳ್ಳಿ. ಕ್ಯಾನ್ವಾಸ್ ಸುತ್ತಿ ಕಳಿಸುವುದಾದರೆ ಬಣ್ಣ ಹೊರಗಡೆ ಬರುವಂತೆ, ದಪ್ಪ ಕೊಳವೆಗೆ ಸುತ್ತಲು ಹೇಳಿ. ಒಳಗಡೆ ಬರುವಂತೆ ಬಿಗಿಯಾಗಿ ಸುತ್ತಿದರೆ ಬಣ್ಣ ಒತ್ತಿಕೊಂಡು ಸುಕ್ಕು ಬೀಳುತ್ತದೆ. ಇನ್ನು, ವಾರದಲ್ಲಿ ಹೊಸ ಆಯಿಲ್ ಪೇಂಟಿಂಗ್ ಬಿಡಿಸಿ ಒಣಗಿಸಿ ಕಳಿಸ್ತೀವಿ ಅಂದರೆ ನಂಬಬೇಡಿ. ಮೇಲೆ ಮುಟ್ಟಿದರೆ ಅಂಟದ ಹಾಗಾಗಲು ದಿನಗಳು ಸಾಕಾದರೂ, ಒಳಗೆ ಒಣಗಲು ತಿಂಗಳುಗಳು ಬೇಕು. ಕೊನೆಯ ವಾರ್ನಿಷ್ ಹೊಡೆಯುವುದೂ ಸಾಮಾನ್ಯವಾಗಿ ಆರು ತಿಂಗಳು, ವರ್ಷದ ಮೇಲೆ.

ಶಿಷ್ಕಿನ್ ಕೈಯ ಮೂಲ ಚಿತ್ರವೇ ಸಿಗುತ್ತದಾ ಅಂತ ಕೇಳುವವರಿಗೆ ಒಂದು ನಡೆದ ಕಥೆ. 2004ರಲ್ಲಿ ಲಂಡನ್ನಿನ ಸೋದೆಬಿಸ್ ಹರಾಜಿನಲ್ಲಿ ಶಿಷ್ಕಿನ್‌ದು ಎನ್ನಲಾದ ಒಂದು ತೊರೆಯ ಚಿತ್ರ ಬಂತು, ಐದೂವರೆ ಲಕ್ಷ ಪೌಂಡಿಗೂ ಮೇಲೆ ಹೋಗುತ್ತದೆ ಅಂತ ಅಂದಾಜು. ಹರಾಜಿಗೆ ಸ್ವಲ್ಪ ಮುಂಚೆ ಹಿಂದಕ್ಕೆ ತಗೊಂಡರು. ಅದು ಕೂಕೂಕ್ ಎಂಬ ಡಚ್ ಕಲಾವಿದನ ಚಿತ್ರ, ಹಿಂದಿನ ವರ್ಷವಷ್ಟೇ ಸ್ವೀಡನ್ನಿನಲ್ಲಿ ಅದರ ಹತ್ತಾರು ಪಾಲು ಕಮ್ಮಿಗೆ ಮಾರಾಟವಾಗಿತ್ತು. ಯಾರೋ ಅದರಲ್ಲಿದ್ದ ಮನುಷ್ಯರನ್ನು ಅಳಿಸಿ ಶಿಷ್ಕಿನ್ ಸಹಿ ಸೇರಿಸಿದ್ದರು. ಅಂಥ ದೊಡ್ಡ ಜಾಗಕ್ಕೇ ಹೀಗೆ ಬಂದು ಸೇರಿದ್ದರೆ, ಆನ್‌ಲೈನಲ್ಲಿ "ಅಜ್ಜನ ಕಾಲದ ಶಿಷ್ಕಿನ್" ಅಂತ ಕಂಡದ್ದನ್ನು ಮುಟ್ಟಲೇಬೇಡಿ. ಸಹಿ ನಂಬುವ ವಸ್ತುವೇ ಅಲ್ಲ. "ಪೈನ್ ಕಾಡಿನಲ್ಲಿ ಬೆಳಗು" ಚಿತ್ರದ ಕರಡಿಗಳನ್ನು ಬಿಡಿಸಿದ್ದು ಗೆಳೆಯ ಕೊನ್‌ಸ್ತಂತೀನ್ ಸವೀತ್‌ಸ್ಕಿ, ಆದರೆ ಚಿತ್ರ ಕೊಂಡ ಪಾವೆಲ್ ತ್ರೆತ್ಯಾಕೊವ್ ಅವನ ಸಹಿ ತೆಗೆಸಿಬಿಟ್ಟರು. ಇವತ್ತಿಗೂ ಚಿತ್ರದ ಮೇಲೆ ಉಳಿದಿರುವುದು ಶಿಷ್ಕಿನ್ ಸಹಿ ಮಾತ್ರ.

ಮೂಲವೇ ಬೇಕೆಂಬ ಆಸೆ ಬಿಡದವರಿಗೆ ಒಂದು ದಾರಿ ಇದೆ, ಎಚಿಂಗ್. ತಾಮ್ರ, ಸತುವಿನ ಹಾಳೆ ಮೇಲೆ ಗೀರಿ, ಆಸಿಡ್‌ನಿಂದ ಕೊರೆದು ಅಚ್ಚು ತೆಗೆಯುವ ವಿದ್ಯೆ. ಶಿಷ್ಕಿನ್ ಅದರಲ್ಲೂ ಪಳಗಿದವನು, 1894ರಲ್ಲಿ 60 ಎಚಿಂಗ್‌ಗಳ ಆಲ್ಬಂ ಬಂತು. ಅಚ್ಚು ಹಲವು ತೆಗೆಯುವುದರಿಂದ ಇವು ಎಣ್ಣೆ ಚಿತ್ರದಷ್ಟು ದುಬಾರಿ ಅಲ್ಲ. ಕಾಗದದಲ್ಲಿ ಲೋಹದ ಹಾಳೆ ಒತ್ತಿದ ಅಂಚಿನ ಗುರುತು ಕಾಣಬೇಕು, ಗೆರೆ ಬೆರಳಿಗೆ ಸಿಗುವಷ್ಟು ಉಬ್ಬಿರಬೇಕು. ಬಣ್ಣ ಇಲ್ಲ, ಚಿಕ್ಕದು, ಹತ್ತಿರ ಹೋಗಿ ನೋಡಬೇಕು. ಓದುವ ಕೋಣೆಗೆ ಇದಕ್ಕಿಂತ ಚೆನ್ನಾದದ್ದು ನನಗೆ ತೋಚುವುದಿಲ್ಲ.

ಎಲ್ಲರಿಗೂ ಶಿಷ್ಕಿನ್ನೇ ಆಗಬೇಕು ಅಂತಿಲ್ಲ. ದಿನಾ ನೋಡುವಾಗ ಪ್ರತಿ ಸಲ ಹೊಸದೊಂದು ಎಲೆ, ಹೊಸದೊಂದು ಬೇರು ಸಿಗಬೇಕು ಅಂದರೆ ಶಿಷ್ಕಿನ್. ಮನಸ್ಸಿಗೆ ತಂಪು ಬೇಕು, ವಿವರ ಬೇಡ ಅಂದರೆ ಲೆವಿತಾನ್, 1895ರ "ಹೊನ್ನಿನ ಶರತ್ಕಾಲ" ನೋಡಿ. ಬೆಳಕಿನ ಮಾಯೆ ಬೇಕಾದರೆ ಕುಯಿಂದ್ಜಿ. 1880ರಲ್ಲಿ ನೀಪರ್ ನದಿಯ ಬೆಳದಿಂಗಳ ಒಂದೇ ಚಿತ್ರವನ್ನು ಕತ್ತಲೆ ಕೋಣೆಯಲ್ಲಿ ಇಟ್ಟು ತೋರಿಸಿದಾಗ ಜನ ಸಾಲುಗಟ್ಟಿ ನಿಂತಿದ್ದರಂತೆ. ಮೂಲ ಚಿತ್ರ ಕಾಲಕ್ರಮೇಣ ಕಪ್ಪಾಗಿದೆ, ಪ್ರಿಂಟಿನಲ್ಲಿ ಇನ್ನೂ ಕಪ್ಪಾಗಿ ಬರುತ್ತದೆ, ಹಾಗಾಗಿ ಮೊದಲು ಸಣ್ಣ ಸ್ಯಾಂಪಲ್ ತೆಗೆಸಿ. ಸಮುದ್ರ ಬೇಕಾದವರಿಗೆ ಐವಾಜೊವ್‌ಸ್ಕಿ. ಆರು ಸಾವಿರದಷ್ಟು ಚಿತ್ರ ಬಿಡಿಸಿದ, ಹೆಚ್ಚಿನವು ನೆನಪಿನಿಂದಲೇ. ಫೋಟೋ ಥರ ಬೇಕು ಅನ್ನುವವರಿಗೆ ಅಲ್ಲ, ಅಲೆಯ ಅಬ್ಬರ ಬೇಕು ಅನ್ನುವವರಿಗೆ.

ಕುಯಿಂದ್ಜಿ ಹೆಸರು ಬಂದದ್ದಕ್ಕೆ ನಮ್ಮ ಬೆಂಗಳೂರಿನ ಮಾತೂ ಬರಲೇಬೇಕು. 1890ರ ದಶಕದಲ್ಲಿ ಶಿಷ್ಕಿನ್, ಕುಯಿಂದ್ಜಿ ಇಬ್ಬರೂ ಅಕಾಡೆಮಿಯಲ್ಲಿ ನಿಸರ್ಗಚಿತ್ರ ಕಲಿಸುತ್ತಿದ್ದರು. ಕುಯಿಂದ್ಜಿಯ ಶಿಷ್ಯ ನಿಕೋಲಸ್ ರೋರಿಕ್. ಅವರ ಮಗ ಸ್ವೆತೊಸ್ಲಾವ್ ರೋರಿಕ್, ನಟಿ ದೇವಿಕಾ ರಾಣಿಯವರನ್ನು 1945ರಲ್ಲಿ ಮದುವೆಯಾಗಿ, ಕನಕಪುರ ರಸ್ತೆಯ ತಾತಗುಣಿ ತೋಟದಲ್ಲಿ ಬಾಳಿ, 1993ರಲ್ಲಿ ಬೆಂಗಳೂರಲ್ಲೇ ತೀರಿಕೊಂಡವರು. ಅಪ್ಪ ಮಗ ಇಬ್ಬರ ಚಿತ್ರಗಳೂ ಕರ್ನಾಟಕ ಚಿತ್ರಕಲಾ ಪರಿಷತ್ತಿನಲ್ಲಿವೆ. ಅವು ಫೋಟೋ ಥರದವಲ್ಲ. ಆದರೂ ಆನ್‌ಲೈನಲ್ಲಿ ದುಡ್ಡು ಹಾಕುವ ಮುಂಚೆ ಒಮ್ಮೆ ಅಲ್ಲಿಗೆ ಹೋಗಿ ನಿಂತು ನೋಡಿ. ರಷ್ಯನ್ ಕೈ ಮೂಲ ಚಿತ್ರದಲ್ಲಿ ಹೇಗಿರುತ್ತದೆ, ಬಣ್ಣ ಎಲ್ಲಿ ದಪ್ಪ, ಎಲ್ಲಿ ತೆಳು ಅನ್ನೋದು ಮೊಬೈಲಲ್ಲಿ ತಿಳಿಯುವುದೇ ಇಲ್ಲ. ಅದೇ ಕುಮಾರಕೃಪಾ ರಸ್ತೆಯಲ್ಲಿ ಜನವರಿಯಲ್ಲಿ ಚಿತ್ರಸಂತೆ ನಡೆಯುತ್ತದೆ. ಪಶ್ಚಿಮಘಟ್ಟದ ಕಾಡನ್ನು ಶ್ರದ್ಧೆಯಿಂದ ಬಿಡಿಸುವ ನಮ್ಮವರೂ ಅಲ್ಲಿ ಸಿಗುತ್ತಾರೆ. ಕಲಾವಿದರ ಎದುರಿಗೇ ನಿಂತು ಕೊಳ್ಳಬಹುದು, ಸಾಗಿಸುವ ತಲೆನೋವಿಲ್ಲ.

ಯಾವುದೇ ತಗೊಳ್ಳಿ, ನಮ್ಮ ಮಳೆಗಾಲ ನೆನಪಿರಲಿ. ಬಚ್ಚಲಿಗೆ ತಗುಲಿದ ಗೋಡೆ, ಮಳೆ ಹೊಡೆಯುವ ಹೊರಗೋಡೆ ಬೇಡ. ಮಲೆನಾಡು, ಕರಾವಳಿಯ ಮನೆಗಳಲ್ಲಿ ಕ್ಯಾನ್ವಾಸಿನ ಹಿಂಬದಿಗೆ ಬೂಷ್ಟು ಬರುತ್ತದೆ. ಫ್ರೇಮಿನ ಹಿಂದೆ ಕೆಳಗಿನ ಎರಡು ಮೂಲೆಗೆ ಬಿರಡೆಯ ತುಂಡು ಅಂಟಿಸಿದರೆ ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿ ಆಡುತ್ತದೆ. ದೇವರ ದೀಪ, ಊದುಬತ್ತಿಯ ಹೊಗೆ ತಾಗುವ ಜಾಗವೂ ಬೇಡ. ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ಒಣಗಿದ ಮೆತ್ತನೆ ಬ್ರಷ್ ಸಾಕು.

ತಂಗಿ ಕೊನೆಗೆ "ರೈ" ಪ್ರಿಂಟ್ ಮಾಡಿಸುತ್ತಿದ್ದಾಳೆ. ಗೋಡೆ ಅಳೆದು 140 ಸೆಂಟಿಮೀಟರ್ ಅಗಲಕ್ಕೆ 80 ಎತ್ತರ ಅಂತ ಗೊತ್ತುಮಾಡಿದೆವು. ಅಂಗಡಿಯವರಿಗೆ ಫೈಲ್ ಕಳಿಸುವಾಗ ಒಂದು ಸಾಲು ಸೇರಿಸು ಅಂದೆ, ಸೇರಿಸಿದಳು: ಒಣಮರ ಹಾಗೇ ಇರಲಿ.